ಮೂರೂ ನಲವತ್ತರ ಬಸ್ಸಿನ ಚರ್ಚಾ ಸಂಘ

ನಮ್ಮ ಕಾಲೇಜಿನಲ್ಲಿ ಏಳು ವಿದ್ಯಾರ್ಥಿ ಸಂಘಗಳಿದ್ದವು. ಪ್ರಿನ್ಸಿಪಾಲರ ಕೋಣೆಯ ಹೊರಗಿನ ನೋಟೀಸ್ ಬೋರ್ಡಿನ ಮೇಲೆ ಏಳಕ್ಕೂ ಒಂದೊಂದು ಬಣ್ಣದ ಚೀಟಿ. ಸಾಹಿತ್ಯ ಸಂಘ, ವಿಜ್ಞಾನ ಸಂಘ, ಜಾನಪದ ಸಂಘ, ಚರ್ಚಾ ಸಂಘ, ಇನ್ನೂ ಏನೇನೋ. ಚೀಟಿಯ ಬಣ್ಣ ಬೇರೆಯಾದರೂ ಕೆಳಗೆ ಬರೆದ ಮಾತು ಮಾತ್ರ ಒಂದೇ: ಸಂಜೆ ನಾಲ್ಕು ಗಂಟೆಗೆ. ಮೊರಬದ ಕಡೆ ಹೋಗುವ ನಮ್ಮ ಬಸ್ಸು ಬಿಡುತ್ತಿದ್ದುದು ಮೂರೂ ನಲವತ್ತಕ್ಕೆ. ಅದು ತಪ್ಪಿದರೆ ಮುಂದಿನದು ಆರೂವರೆಗೆ, ಅದೂ ಬಂದರೆ ಬಂತು, ಇಲ್ಲವಾದರೆ ಇಲ್ಲ. ಆರೂವರೆಯ ಬಸ್ಸಿಗೆ ಬರುತ್ತೇನೆ ಎಂದು ಮನೆಯಲ್ಲಿ ಬಾಯಿ ಬಿಟ್ಟರೆ ಮರುದಿನದಿಂದ ಕಾಲೇಜೇ ಬಂದ್. ಹೀಗಾಗಿ ಪೇಟೆಯ ಹುಡುಗ ಹುಡುಗಿಯರು ಎದೆಗೆ ರಿಬ್ಬನ್ ಬ್ಯಾಡ್ಜು ಚುಚ್ಚಿಕೊಂಡು ಅಧ್ಯಕ್ಷ, ಕಾರ್ಯದರ್ಶಿ ಎಂದು ಮೆರೆಯುವ ಹೊತ್ತಿಗೆ ನಾವು ಹಳ್ಳಿಯ ಹುಡುಗಿಯರು ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆವು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಈಕಿ ಹುಟ್ಟಿದಾಗ ಜೇನತುಪ್ಪದ ಬದ್ಲಿ ಮೆಣಸಿನಕಾಯಿ ನೆಕ್ಕಿಸ್ಯಾರ" ಎಂದು ನಮ್ಮವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಎರಡು ವರ್ಷ ಆ ಚೀಟಿಗಳನ್ನು ನೋಡಿ ನೋಡಿ ಹಲ್ಲು ಕಡಿದೆ. ಪ್ರತಿ ವರ್ಷ ಚರ್ಚಾ ಸಂಘದಿಂದ ಇಬ್ಬರನ್ನು ಧಾರವಾಡಕ್ಕೆ, ವಿಶ್ವವಿದ್ಯಾಲಯದ ಚರ್ಚಾ ಸ್ಪರ್ಧೆಗೆ ಕಳಿಸುತ್ತಿದ್ದರು. ಹಳ್ಳಿಯ ಹುಡುಗಿ ಒಬ್ಬಳೂ ಹೋಗಿದ್ದಿಲ್ಲ. ನನಗೆ ಹೋಗಬೇಕಿತ್ತು. ಒಮ್ಮೆಯಾದರೂ ಆ ದೊಡ್ಡ ಸಭಾಂಗಣದ ಮೈಕಿನ ಮುಂದೆ ನಿಂತು ನನ್ನ ದನಿ ಗೋಡೆಗೆ ಬಡಿದು ಹೊರಳಿ ಬರುವುದನ್ನು ನಾನೇ ಕೇಳಬೇಕಿತ್ತು. ಆಸೆ ಎಂದರೆ ಅಂಥಿಂಥ ಆಸೆಯಲ್ಲ, ಊಟಕ್ಕೆ ಕೂತರೂ ಅದೇ, ಬಟ್ಟೆ ಒಗೆಯುವಾಗಲೂ ಅದೇ.

ಕೊನೆಯ ವರ್ಷದ ಆರಂಭದಲ್ಲಿ ಒಂದು ದಿನ ತಡೆಯಲಾಗದೆ ಸ್ಟಾಫ್ ರೂಮಿಗೆ ನುಗ್ಗಿದೆ. ಚರ್ಚಾ ಸಂಘ ನೋಡಿಕೊಳ್ಳುತ್ತಿದ್ದವರು ಇತಿಹಾಸದ ಸರ್.

"ಸರ್, ಸಂಘ ಎಲ್ಲಾರ್ದೋ, ಬರೇ ಪ್ಯಾಟಿ ಮಂದೀದೋ?"

"ಎಲ್ಲಾರ್ದೂ ಐತೆವಾ. ನಿಮಗ ಬರಬ್ಯಾಡ್ರಿ ಅಂತ ಯಾರ್ ಅಂದಾರ?"

"ಬಸ್ ಅಂದೈತ್ರಿ."

ಅವರು ನಕ್ಕುಬಿಟ್ಟರು. ನಕ್ಕದ್ದೇ ತಡ, ನನ್ನ ತಲೆ ಕೆಟ್ಟುಹೋಯಿತು. "ಹಂಗಾದ್ರ ನಾವು ಬಸ್ಸಿನಾಗ ಚರ್ಚಾ ಮಾಡ್ತೀವ್ರಿ. ನಡೀತದೇನು?" ಎಂದು ಕೇಳಿದೆ. ಸಿಟ್ಟಿನಲ್ಲಿ ಬಂದ ಮಾತು ಅದು, ಯೋಚಿಸಿ ಆಡಿದ್ದಲ್ಲ. ಸರ್ ಕಪಾಟಿನಿಂದ ನಿಯಮಾವಳಿಯ ಹಾಳೆ ತೆಗೆದು ಕನ್ನಡಕ ಮೇಲೇರಿಸಿ ಓದಿದರು. ಎಂಟು ಚರ್ಚೆಗಳಾಗಬೇಕು, ಪರ ಒಬ್ಬರು ವಿರೋಧ ಒಬ್ಬರು ಇರಬೇಕು, ಯಾರ ಕಡೆಯೂ ಸೇರದ ಒಬ್ಬರು ಅಧ್ಯಕ್ಷರಾಗಿ ತೀರ್ಪು ಹೇಳಿ ವಹಿಯಲ್ಲಿ ಸಹಿ ಮಾಡಬೇಕು.

"ಎಲ್ಲಿ ಮಾಡಬೇಕಂತ ಇದ್ರಾಗ ಬರದಿಲ್ಲ," ಎಂದರು. "ಮಾಡ್ರಿ ಹಂಗಾದ್ರ. ಧಾರವಾಡಕ್ಕ ಹೋಗೂ ಒಂದ್ ಸೀಟು ನಮ್ಮ ಸಂಘದ ಅಧ್ಯಕ್ಷಂದು, ಅದು ಖಾಯಂ. ನೀವು ಎಂಟೂ ಮುಗಿಸಿದ್ರ ಎರಡನೇ ಸೀಟು ನಿಮ್ಮೊಳಗ ಎಂಟನೇದ್ರಾಗ ಗೆದ್ದಾಕೀಗಿ. ಇಲ್ಲಂದ್ರ ಅದೂ ಪ್ಯಾಟಿಯವರಿಗೇ."

ನಮ್ಮಿಂದ ಆಗುವುದಿಲ್ಲ ಎಂದೇ ಅವರು ಒಪ್ಪಿದ್ದು. ಅದು ಅವರ ಮುಖದಲ್ಲೇ ಕಾಣುತ್ತಿತ್ತು.

ಬಸ್ಸಿನಲ್ಲಿ ಬರುವವರಲ್ಲಿ ನಾಲ್ವರನ್ನು ಹಿಡಿದು ತಂದೆ. ನಾನು ಸೇರಿ ಐವರು. ನಾಲ್ವರಲ್ಲಿ ಒಬ್ಬಳು ನಮ್ಮ ಓಣಿಯವಳೇ, ಟೇಲರ್ ಕಾಕಾನ ಮಗಳು, ಒಂದನೆಯ ಇಯತ್ತೆಯಿಂದ ನನ್ನ ಬಾಜೂಕೇ ಕೂತು ಕಲಿತವಳು. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಎರಡರಲ್ಲೂ ಮಾತು ಕಡಿಮೆ. ನಾನು ಹತ್ತು ಮಾತಾಡಿದರೆ ಆಕೆ ಒಂದು "ಹೂಂ" ಅನ್ನುವವಳು. ಆಕೆಯನ್ನು ನಾನು ಸೇರಿಸಿಕೊಂಡದ್ದು ಲೆಕ್ಕಕ್ಕೆ ಒಂದು ತಲೆ ಹೆಚ್ಚಾಗಲಿ ಎಂದು, ಖರೆ ಹೇಳಬೇಕೆಂದರೆ ಅಷ್ಟೇ.

ಮೊದಲ ದಿನ ಅಧ್ಯಕ್ಷರು ಯಾರು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಕಂಡಕ್ಟರ್ ಅಕ್ಕನನ್ನು ಕೇಳಿದೆ. "ಯವ್ವಾ, ನನಗ ಈ ಗದ್ದಲದಾಗ ಟಿಕೀಟ್ ಹರದ ಕೊಡೂದ ಸಾಕಾಗೇತಿ. ಅಲ್ಲಿ ಕುಂತಾಳಲ್ಲ ಮೊಸರಿನ ಆಯಿ, ಅಕಿನ್ನ ಕೇಳ್ರಿ" ಎಂದಳು. ಮೊಸರಿನ ಆಯಿ ದಿನಾ ಪೇಟೆಗೆ ಮೊಸರು ಮಾರಲು ಬಂದು, ಖಾಲಿ ಡಬ್ಬಿಗಳನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಮರಳುವ ಮುದುಕಿ. ಆಕೆಯ ಮನೆ ಹೊಲದಲ್ಲಿ, ನಮ್ಮೂರಿಗಿಂತ ಒಂದು ಸ್ಟಾಪು ಮೊದಲು. ಅತ್ತೆ ಸೊಸೆ ಜಗಳ, ಬದುವಿನ ತಕರಾರು ಏನೇ ಇದ್ದರೂ ಸುತ್ತಲಿನವರು ಆಕೆಯನ್ನೇ ಕರೆಯುತ್ತಿದ್ದರು.

ಹೀಗೆ ನಮ್ಮ ಸಂಘ ಹೊರಟಿತು. ಒಬ್ಬೊಬ್ಬರಿಗೆ ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿನವರೆಗೆ ಸಮಯ. ಕಂಡಕ್ಟರ್ ಅಕ್ಕ "ರೈಟ್" ಅಂದರೆ ಮಾತು ಶುರು, ಮುಂದಿನ ಊರಿಗೆ ಸೀಟಿ ಊದಿದರೆ ಬಾಯಿ ಬಂದ್. ಹೆಂಗಸರಿಗೆ ಫ್ರೀ ಬಸ್ ಆದಮೇಲೆ ನಿಲ್ಲಲಿಕ್ಕೂ ಜಾಗವಿರದ ಬಸ್ಸು ಅದು. ಒಂದು ಕೈಯಲ್ಲಿ ಮೇಲಿನ ಸರಳು, ಇನ್ನೊಂದು ಕೈಯಲ್ಲಿ ಭಾಷಣದ ಚೀಟಿ. ಮೊದಲ ವಿಷಯ ಮೊಬೈಲು ಬೇಕೋ ಬೇಡವೋ. ನಾನು "ಆದ್ದರಿಂದ ಮಾನ್ಯ ಅಧ್ಯಕ್ಷರೇ" ಅನ್ನುವಷ್ಟರಲ್ಲಿ ಸ್ಪೀಡ್ ಬ್ರೇಕರ್ ಬಂದು ಯಾರದೋ ಕೊತ್ತಂಬರಿ ಗಂಟಿನ ಮೇಲೆ ಬಿದ್ದೆ. ಹಿಂದಿನ ಸೀಟಿನ ಹುಡುಗರು ಸೀಟಿ ಹೊಡೆದರು. ಎದ್ದು ನಿಂತು ಅವರಿಗೆ ಬೈದ ಬೈಗುಳವೇ ನನ್ನ ಅವತ್ತಿನ ಒಳ್ಳೆಯ ಭಾಷಣ.

ಎರಡೂ ಕಡೆ ಕೇಳಿ ಆಯಿ ತೀರ್ಪು ಕೊಟ್ಟಳು. "ಇಬ್ರದೂ ಖರೆ ಐತಿ. ಇಲ್ಲಿಗಿ ಬಿಡ್ರಿ. ಕೈ ಹಿಡೀರಿ ನೋಡೂಣು."

"ಆಯಿ, ಇದು ಜಗಳಲ್ಲ, ಚರ್ಚಾ. ಯಾರ ಗೆದ್ರು ಹೇಳ್ಬೇಕು."

"ಅದನ್ನ ಹೇಳಾಕ್ಹತ್ತೀನಿ ಮಗಳ, ಬಗೀಹರೀತು."

ವಹಿಯಲ್ಲಿ 'ಇಬ್ಬರೂ ಸಮ' ಎಂದು ಬರೆದು ಆಯಿಗೆ ಓದಿ ಹೇಳಿದೆ. ಸಹಿ ಆಕೆಗೆ ಬಾರದು. ನನ್ನ ಬಾಲ್ ಪೆನ್ನನ್ನು ಆಕೆಯ ಹೆಬ್ಬೆರಳಿಗೆ ಗಸಗಸ ತಿಕ್ಕಿ, ನೀಲಿ ಮಾಡಿ, ವಹಿಯ ಮೇಲೆ ಒತ್ತಿಸಿಕೊಂಡೆ.

ಎರಡನೆಯದೂ ಸಮ. ಮೂರನೆಯದು ಕಡಲೆ ಕಟಾವಿನ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದು. ಯಂತ್ರ ಬಂದರೆ ಕೂಲಿ ಹೋಗುತ್ತದೆ ಎಂದು ನಾನು ಅಬ್ಬರಿಸುತ್ತಿದ್ದಾಗ ಕೂಲಿ ಮುಗಿಸಿ ಬರುತ್ತಿದ್ದ ಒಬ್ಬಾಕೆ ನನ್ನ ಮುಂದೆ ಎರಡೂ ಅಂಗೈ ಚಾಚಿದಳು. ಕಡಲೆ ಗಿಡದ ಹುಳಿಗೆ ಬಿರಿದು ಗೆರೆಗೆರೆಯಾಗಿದ್ದವು. "ನೀ ಒಂದ್ ದಿನಾ ಕಡ್ಲಿ ಕಿತ್ತಿಯೇನ್ ಬೇ? ಕಿತ್ತು ಬಂದ್ ಮಾತಾಡು" ಎಂದಳು. ಬಸ್ಸಿಗೆ ಬಸ್ಸೇ ಚರ್ಚೆಗೆ ಇಳಿಯಿತು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏ, ಮೆಲ್ಲಕ ಮಾತಾಡ್ರಿ, ಹಾರ್ನು ನನಗ ಕೇಳವಲ್ದು" ಎಂದು ಚೀರಿದ. ಆಮೇಲೆ ಹೆಂಗಸರೇ ಬಂದು "ಇವತ್ತ ಏನ್ರಿ ವಿಷಯ?" ಎಂದು ಕೇಳತೊಡಗಿದರು. ಹಿಂದಿನ ಹುಡುಗರೂ ಸುಮ್ಮನಾದರು. ನನಗೆ ಆ ದಿನಗಳಲ್ಲಿ ನೆಲಕ್ಕೆ ಕಾಲು ಊರುತ್ತಿರಲಿಲ್ಲ.

ಏಳು ಮುಗಿದ ಮೇಲೆ ವಹಿ ಒಯ್ದು ಸರ್ ಮುಂದಿಟ್ಟೆ. ಹಾಳೆ ತಿರುವಿದರು, ಹುಬ್ಬೇರಿಸಿದರು.

"ಏಳರಾಗ ಏಳೂ ಸಮಾ? ಇದೇನು ಚರ್ಚಾನೋ, ರಾಜಿ ಪಂಚಾಯ್ತೀನೋ? ಮತ್ತ ಸಹಿ ಎಲ್ಲೈತಿ? ಬರೇ ಹೆಬ್ಬೆಟ್ಟು?"

"ಸರ್, ಹೆಬ್ಬೆಟ್ಟು ಒತ್ತಿ ಹೊಲ ಬರದ್ ಕೊಡ್ತಾರ. ಸರಕಾರಕ್ಕ ನಡೀತದ. ನಿಮ್ಮ ವಹಿಗಿ ನಡ್ಯಾಂಗಿಲ್ಲೇನ್ರಿ?"

ಬಾಜೂಕ ಕೂತಿದ್ದ ಇಂಗ್ಲಿಷ್ ಮೇಡಂ ಫಕ್ಕನೆ ನಕ್ಕರು. ಸರ್ ವಹಿ ಮುಚ್ಚಿ, "ಆತು, ಹೆಬ್ಬೆಟ್ಟು ನಡೀತದ. ಆದ್ರ ಎಂಟನೇದ್ರಾಗ ಒಬ್ರು ಗೆಲ್ಲಾಕ ಬೇಕು. ಶನಿವಾರ ಮುಂಜಾನೆ ಹತ್ತಕ್ಕ ಗೆದ್ದಾಕಿ ಹೆಸರು ನನ್ನ ಟೇಬಲ್ ಮ್ಯಾಲ ಇರ್ಬೇಕು" ಎಂದರು.

ಧಾರವಾಡಕ್ಕೆ ಮನೆಯಲ್ಲಿ ಬಿಡುವುದಿಲ್ಲ ಎಂದು ಉಳಿದ ಮೂವರು ಮೊದಲೇ ಹಿಂದೆ ಸರಿದರು. ಉಳಿದದ್ದು ನಾನು ಮತ್ತು ಟೇಲರ್ ಕಾಕಾನ ಮಗಳು. ವಿಷಯ ಆರಿಸುವುದು ನನ್ನ ಕೈಯಲ್ಲಿತ್ತು, ಸಂಘ ಕಟ್ಟಿದವಳು ನಾನಲ್ಲವೇ! ಇಲ್ಲಿ ನಾನು ಮಾಡಿದ ಲುಚ್ಚಾತನ ಹೇಳಿಬಿಡುತ್ತೇನೆ. 'ಹೆಣ್ಣುಮಕ್ಕಳಿಗೆ ಫ್ರೀ ಬಸ್ ಬೇಕು' ಎಂಬ ವಿಷಯ ಇಟ್ಟೆ. ಪರವಾಗಿ ನಾನು, ವಿರೋಧಕ್ಕೆ ಆಕೆ. ಬಸ್ಸಿನ ತುಂಬ ಫ್ರೀಯಾಗಿ ಕೂತ ಹೆಂಗಸರು, ಅಧ್ಯಕ್ಷತೆಗೆ ಫ್ರೀಯಾಗಿ ಬಂದ ಆಯಿ.

"ಈ ಬಸ್ಸಿನಾಗ ನಿಂತು ಫ್ರೀ ಬಸ್ ಬ್ಯಾಡ ಅನ್ಲೇನು?" ಎಂದು ಆಕೆ ಕೇಳಿದಳು. "ಕಿಡಕ್ಯಾಗಿಂದ ಹೊರಗ ಒಗೀತಾರ ನನ್ನ."

"ಚರ್ಚಾ ಅಂದ್ರ ಹಂಗ ಲೇ," ಎಂದೆ ನಾನು, ಬೆಲ್ಲದಂಥ ದನಿ ತೆಗೆದು.

ಶುಕ್ರವಾರ ನಾನು ಮೊದಲು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಸುಳ್ಳು ವಿನಯ ಯಾಕೆ. ತವರಿಗೆ ಹೋಗಿಬರುವವರು, ದವಾಖಾನೆಗೆ ಹೋಗುವವರು, ಕಾಲೇಜಿಗೆ ಬರುವ ನಾವು, ಎಲ್ಲರನ್ನೂ ಒಬ್ಬೊಬ್ಬರಾಗಿ ತೋರಿಸಿ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಊರಿಗೆ ಕಂಡಕ್ಟರ್ ಅಕ್ಕ ಸೀಟಿ ಊದಿದಳು. ಆಕೆ ಎದ್ದು ನಿಂತಳು. ದನಿ ಮೆಲ್ಲಗೆ. ಕೇಳಬೇಕೆಂದರೆ ಹತ್ತಿರ ಬಾಗಬೇಕು, ಹಾಗಾಗಿ ಎಲ್ಲರೂ ಬಾಗಿದರು.

"ನನಗೂ ಫ್ರೀ ಬಸ್ ಬಂದಿದ್ದು ಖುಷೀನ ಐತ್ರಿ," ಎಂದು ಶುರು ಮಾಡಿದಳು. "ಆದ್ರ ಒಂದ್ ಮಾತು. ಮೂರೂ ನಲವತ್ತರ ಬಸ್ಸು ತಪ್ಪಿದ್ರ ಆರೂವರಿ ತನಕಾ ಬಸ್ಸಿಲ್ಲ. ಟಿಕೀಟು ಫ್ರೀ ಮಾಡಿದ್ರು, ಬಸ್ಸು ಹೆಚ್ಚ ಮಾಡ್ಲಿಲ್ಲ. ನನಗ ಫ್ರೀ ಬ್ಯಾಡ್ರಿ. ರೊಕ್ಕಾ ಕೊಡ್ತೀನಿ, ಐದು ಗಂಟೇಕ ಒಂದ್ ಬಸ್ ಕೊಡ್ರಿ. ಆ ಬಸ್ ಇದ್ದಿದ್ರ ನಾವ್ ಇಬ್ರೂ ಹಿಂಗ ಜೋಲಿ ಹೊಡಕೋತ ಇಲ್ಲಿ ಒದರ್ತಿದ್ದಿಲ್ಲ. ಕಾಲೇಜಿನಾಗ ಎಲ್ಲಾರ ಹಂಗ ಮೈಕ್ ಮುಂದ ನಿಂತಿರ್ತಿದ್ವಿ. ನನ್ನ ಅಕ್ಕನೂ ಕಾಲೇಜ್ ಬಿಡ್ತಿದ್ದಿಲ್ಲ. ಅಕೀಗಿ ಕಂಪ್ಯೂಟರ್ ಕ್ಲಾಸು ನಾಕಕ್ಕ ಇತ್ತು."

ಬಸ್ಸಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಾಕೆ "ಹೌದ್ ನೋಡವಾ" ಅಂದಳು. ಇನ್ನೊಬ್ಬಾಕೆ, "ನನ್ನ ಮಗಳದೂ ಹಂಗ ಆತು" ಅಂದಳು.

ಅಷ್ಟರಲ್ಲಿ ಆಯಿಯ ಸ್ಟಾಪು ಬಂತು. ಆಯಿ ಡಬ್ಬಿಗಳನ್ನು ಎತ್ತಿಕೊಳ್ಳುತ್ತ, ನನ್ನ ಮುಖ ನೋಡಿ, ಬಹಳ ಕಷ್ಟಪಟ್ಟು ಹೇಳಿದಳು. "ನಿನ್ನ ಮಾತು ಛಲೋ ಇತ್ತವಾ. ಆದ್ರ ಇವತ್ತ ಈ ಸಣ್ಣ ದನೀದಾಕಿ ಗೆದ್ಲು. ಅಕಿ ಮಾತು ಕೇಳಿ ನನಗ ನನ್ನ ಮಗಳ ನೆನಪಾತು." ಡ್ರೈವರ್ ಹಾರ್ನು ಹೊಡೆದ. ನಾನಿನ್ನೂ ವಹಿ ತೆರೆದು ಏನೂ ಬರೆದಿರಲಿಲ್ಲ. ಆಯಿಯೇ ನನ್ನ ಪೆನ್ನು ಕಸಿದುಕೊಂಡು, ಹೆಬ್ಬೆರಳಿಗೆ ತಿಕ್ಕಿಕೊಂಡು, ಖಾಲಿ ಹಾಳೆಯ ಕೆಳಗೆ ಒತ್ತಿದಳು. "ನೀನ ಬರಕೋ. ನನಗಂತೂ ಓದಾಕ ಬರಾಂಗಿಲ್ಲ" ಎಂದು ಇಳಿದು ಹೋದಳು.

ಮನೆಗೆ ಬಂದು ಕಟ್ಟೆಯ ಮೇಲೆ ಕೂತೆ. ಹೊತ್ತಿನ್ನೂ ಮುಳುಗಿರಲಿಲ್ಲ. ತೊಡೆಯ ಮೇಲೆ ವಹಿ, ವಹಿಯಲ್ಲಿ ಬಿಳಿ ಹಾಳೆ, ಹಾಳೆಯ ಕೆಳಗೆ ಹೆಬ್ಬೆಟ್ಟು. ಮೇಲೆ ಯಾರ ಹೆಸರು ಬರೆದರೂ ಆಯಿಯ ತೀರ್ಪು ಅದೇ. ಬಸ್ಸಿನ ಹೆಂಗಸರು ಕಾಲೇಜಿಗೆ ಬಂದು ಸಾಕ್ಷಿ ಹೇಳುವುದಿಲ್ಲ. ಹಿಂದೆ ಸರಿದ ಮೂವರು ತೀರ್ಪಿಗೆ ಮೊದಲೇ ತಮ್ಮ ತಮ್ಮ ಊರಲ್ಲಿ ಇಳಿದಿದ್ದರು, ಟೇಲರ್ ಕಾಕಾನ ಮಗಳಂತೂ ಬಾಯಿ ಬಿಡುವವಳಲ್ಲ. ಸಿಟ್ಟು, ಅವಮಾನ, ಹೊಟ್ಟೆಕಿಚ್ಚು, ಎಲ್ಲ ಒಟ್ಟಿಗೇ ಕುದಿಯುತ್ತಿದ್ದವು. ಸಂಘ ಕಟ್ಟಿದವಳು ನಾನು. ಸರ್ ಜೊತೆ ಜಗಳಾಡಿದವಳು ನಾನು. ಕೊತ್ತಂಬರಿ ಗಂಟಿನ ಮೇಲೆ ಬಿದ್ದವಳೂ ನಾನೇ! ಹೇಗೂ ಆಕೆಯನ್ನು ಮನೆಯಲ್ಲಿ ಧಾರವಾಡಕ್ಕೆ ಕಳಿಸುವುದಿಲ್ಲ, ಸೀಟು ಸುಮ್ಮನೆ ಪೇಟೆಯವರ ಪಾಲಾಗುತ್ತದೆ, ಅದಕ್ಕಿಂತ ನಾನು ಹೋದರೆ ತಪ್ಪೇನು? ಪೆನ್ನಿನ ಟೋಪಿ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಬರೆಯಲು ಕೈ ಬರಲಿಲ್ಲ. ಮೊದಲು ಟೇಲರ್ ಕಾಕಾನ ಬಾಯಿಂದಲೇ 'ಇಲ್ಲ' ಅನ್ನಿಸಿಕೊಂಡು ಬಂದುಬಿಡೋಣ, ಆಮೇಲೆ ನಿಶ್ಚಿಂತೆಯಿಂದ ನನ್ನ ಹೆಸರು ಬರೆಯೋಣ ಎಂದುಕೊಂಡು ವಹಿ ಹಿಡಿದು ಹೊರಟೆ.

ಕಾಕಾ ಹೊರಗಿನ ಪಡಸಾಲೆಯಲ್ಲಿ ಮಷೀನಿನ ಮುಂದೆ ಕೂತು ಶಾಲೆಯ ಯುನಿಫಾರ್ಮ್ ಹೊಲಿಯುತ್ತಿದ್ದರು. ಕೊರಳಲ್ಲಿ ಟೇಪು. ನನ್ನನ್ನು ಕಂಡು ಗೆಳತಿ ಒಳಗಿನಿಂದ ಬಾಗಿಲಿಗೆ ಬಂದು ನಿಂತಳು. ಅಪ್ಪನಿಗೆ ಮೆಲ್ಲಗೆ ಉರ್ದುವಿನಲ್ಲಿ ಏನೋ ಹೇಳಿದಳು. ನನಗೆ ಸರಿಯಾಗಿ ಕೇಳಿಸಲಿಲ್ಲ.

ನಾನು ಮಾತನ್ನೇ 'ಇಲ್ಲ' ಬರುವ ಹಾಗೆ ತಿರುಚಿ ಕೇಳಿದೆ. "ಕಾಕಾ, ಈಕಿ ಚರ್ಚಾದಾಗ ಗೆದ್ದಾಳ್ರಿ. ಧಾರವಾಡಕ್ಕ ಹೋಗ್ಬೇಕಾಗ್ತದ. ಹೊಳ್ಳಿ ಬರೂದು ಕತ್ತಲಾಗ್ತದ. ನೀವಂತೂ ಕಳಸಾಂಗಿಲ್ಲ, ಹೌದಲ್ರಿ?"

ಮಷೀನು ನಿಂತಿತು. "ಯಾಕ ಕಳಸಾಂಗಿಲ್ಲ? ನೀ ಹೊಂಟಿಲ್ಲೇನು ಜೋಡಿ?" ಎಂದರು ಕಾಕಾ. "ನೀ ಜೋಡಿ ಇದ್ರ ನನಗೇನ್ ಚಿಂತಿ? ನೀ ಯಾರಿಗೂ ಹೆದರಾಕಿ ಅಲ್ಲ. ದೊಡ್ಡಾಕೀದು ಕಾಲೇಜು ಬಿಡಿಸಿದ್ದು ಇನ್ನೂ ನನಗ ಚುಚ್ಚತದ." ಕೈಗಂಟಿದ ದಾರದ ಎಳೆ ಒರೆಸಿಕೊಂಡು ಕೈ ಚಾಚಿದರು. "ಎಲ್ಲಿ, ನನ್ನ ಮಗಳ ಹೆಸರ ಬರದದ್ದು ತೋರ್ಸು. ನೋಡೂಣು."

ವಹಿ ತೆರೆಯದೆ ಬೇರೆ ದಾರಿ ಇರಲಿಲ್ಲ. ಕಾಕಾ ಖಾಲಿ ಹಾಳೆ ನೋಡಿದರು, ಕೆಳಗಿನ ಹೆಬ್ಬೆಟ್ಟು ನೋಡಿದರು, ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತವಳು ನೆಲ ನೋಡುತ್ತಿದ್ದಳು.

"ಇನ್ನೂ ಬರದಿಲ್ಲೇನವಾ?"

ಪೆನ್ನಿನ ಟೋಪಿ ತೆಗೆದೆ. "ಈಗ ಬರೀತೀನ್ರಿ ಕಾಕಾ," ಎಂದೆ. ಅವರು ಮಷೀನಿನ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟರು. ಅಲ್ಲಿಯೇ ಬಾಗಿ, ವಿಷಯ ಬರೆದು, ಪರ ವಿರೋಧ ಬರೆದು, ಗೆದ್ದವರು ಎಂಬಲ್ಲಿ ಆಕೆಯ ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ ಬರೆದೆ. ಕಾಕಾ ಒಂದೊಂದೇ ಅಕ್ಷರ ಬೆರಳಿಟ್ಟು ಓದಿ, "ಅಗದಿ ಛಂದ ಬರೀತಿ" ಎಂದರು. ನನಗೆ ಭೂಮಿ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಶನಿವಾರ ಹತ್ತಕ್ಕೆ ಐದು ನಿಮಿಷ ಇರುವಾಗ ವಹಿ ಸರ್ ಟೇಬಲ್ಲಿನ ಮೇಲಿತ್ತು.

ಕಾಕಾ ಹೇಳಿದ ಮೇಲೆ ನಮ್ಮವ್ವನೂ ನನ್ನನ್ನು ಆಕೆಯ ಜೋಡಿ ಕಳಿಸಿದಳು. ಧಾರವಾಡದ ಸಭಾಂಗಣದಲ್ಲಿ ನಾನು ಕೆಳಗೆ ಕೂತಿದ್ದೆ, ಆಕೆ ಮೇಲೆ ನಿಂತಿದ್ದಳು. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆಕೆ ಮಾತು ಶುರು ಮಾಡಿದ ಮೇಲೆ, ಆ ಸಣ್ಣ ದನಿಯನ್ನು ಮೈಕು ಮೂಲೆ ಮೂಲೆಗೂ ಮುಟ್ಟಿಸಿದ ಮೇಲೆ, ನನಗೇ ಗೊತ್ತಿಲ್ಲದೆ ಬಾಜೂಕಿನ ಅಪರಿಚಿತಳ ತೋಳು ಹಿಡಿದು "ಅಕಿ ನಮ್ಮಾಕಿ, ನಮ್ಮ ಓಣ್ಯಾಕಿ" ಎಂದುಬಿಟ್ಟೆ. ಮೂರನೆಯ ಬಹುಮಾನ ಬಂತು. ಪೇಟೆಯ ಅಧ್ಯಕ್ಷನಿಗೆ ಏನೂ ಬರಲಿಲ್ಲ, ಅದಕ್ಕೂ ಖುಷಿಯಾಯಿತು, ಮುಚ್ಚಿಡುವುದೇನು. ಚಹಾ ಕುಡಿಯುವಾಗ, ಆಕೆಯ ಭಾಷಣದಲ್ಲಿ ನಮ್ಮ ಬಸ್ಸಿನ ಸುದ್ದಿ ಕೇಳಿದ್ದ ಮಿಶ್ರಿಕೋಟಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, "ಅಕ್ಕಾರ, ನಿಮ್ಮ ಬಸ್ಸಿನ ಸಂಘದ ನಿಯಮ ಹೇಳ್ರಿ, ನಮ್ಮ ಬಸ್ಸಿನಾಗೂ ಶುರು ಮಾಡ್ತೀವಿ" ಎಂದು ಅಂಗೈ ಮೇಲೆಯೇ ಬರೆದುಕೊಂಡಳು. ಅವಳಿಗೆ ಸ್ಟಾಪಿನ ಲೆಕ್ಕ, ಸೀಟಿಯ ಲೆಕ್ಕ ಎಲ್ಲ ವಿವರಿಸಿದೆ. ಅಧ್ಯಕ್ಷರ ತೀರ್ಪು ವಹಿಯಲ್ಲಿ ಬರೆಯುವ ಮೊದಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ ಎಂದೂ, ಬರೆದ ಮೇಲೆಯೇ ಒತ್ತಿಸಿಕೊಳ್ಳಿ ಎಂದೂ ಹೇಳಿದೆ.

ಹೊರಳಿ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಆಕೆ ಕಿಟಕಿಯ ಕಡೆ, ತೊಡೆಯ ಮೇಲೆ ಬಹುಮಾನದ ಕಪ್ಪು. ಮನಸ್ಸಿನಲ್ಲಿಟ್ಟುಕೊಂಡರೆ ಊಟ ಸೇರುವುದಿಲ್ಲ ಅನ್ನಿಸಿ ಹೇಳಿಯೇ ಬಿಟ್ಟೆ.

"ಅವತ್ತ ವಹ್ಯಾಗ ನಾ ನನ್ನ ಹೆಸರ ಬರಕೋಬೇಕಂತ ಇದ್ದೆ ಲೇ."

"ಗೊತ್ತಿತ್ತು," ಎಂದಳು, ಕಿಟಕಿಯಿಂದ ಮುಖ ತಿರುಗಿಸದೆ.

"ಮತ್ತ ನನ್ನ ಯಾಕ ಕೇಳ್ಲಿಲ್ಲ?"

"ಕೇಳಿದ್ರ ನಿನಗ ಸಿಟ್ಟ್ ಬರ್ತಿತ್ತು. ಸಿಟ್ಟ್ ಬಂದ್ರ ನೀ ಬರದ ಬಿಡ್ತಿದ್ದಿ." ಈಗ ನನ್ನ ಕಡೆ ತಿರುಗಿದಳು. "ಅದಕ್ಕ ನೀ ಬಂದ ಕೂಡ್ಲೇ ಅಬ್ಬಾಗ ಹೇಳಿದೆ, ವಹಿ ತೋರ್ಸಂತ ಕೇಳ್ರಿ ಅಂತ. ನನಗೂ ಬರಬೇಕಿತ್ತು ಲೇ ಇಲ್ಲಿಗಿ. ನಿನಗ ಎಷ್ಟ್ ಬೇಕಿತ್ತೋ ಅಷ್ಟ."

ಹದಿನೈದು ವರ್ಷ ಬಾಜೂಕ ಕೂತವಳು. ಆಕೆಗೂ ಏನಾದರೂ ಬೇಕಿರಬಹುದು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಪ್ಪನ್ನು ಸ್ವಲ್ಪ ಹೊತ್ತು ನನ್ನ ಕೈಗೆ ಕೊಡು ಎಂದೆ, ಕೊಟ್ಟಳು.